ಬರಿದಾಗಿ ಕೊಡಬಾರದ ಪೀಪಾಯಿ

ಮೂಲ್ಕಿಯಲ್ಲಿ ನಾನು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಕಳ್ಳಿನ ಮಡಕೆ ಎದುರಾಗುತ್ತಿತ್ತು. ಹುಳಿ, ಸಿಹಿ, ಉಬ್ಬಿದ ಹಿಟ್ಟು ಮೂರೂ ಸೇರಿದ ವಾಸನೆ. ಮೂಗು ಮುಚ್ಚಿಕೋ ಎಂದು ಅಮ್ಮ ಹೇಳಿದ್ದಳು. ಮುಚ್ಚಿಕೊಳ್ಳುತ್ತಿದ್ದೆ, ಬೆರಳು ಕೊಂಚ ಸಡಿಲ ಬಿಟ್ಟು.

ಮದುವೆಯಾಗಿ ನಾಸಿಕಕ್ಕೆ ಬಂದ ದಿನ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಅದೇ ವಾಸನೆಯ ಎಳೆಯೊಂದು ಸಿಕ್ಕಿತು. ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಇದೆಲ್ಲಿಯದು ಎಂದು ಗಾಬರಿಯಾಯಿತು. ಆಮೇಲೆ ನನ್ನ ಗಂಡ ಜಯರಾಮ ವಿಷಯ ಹೇಳಿದರು. ಊರ ನಡುವೆ, ಮೇನ್ ರೋಡಿನಲ್ಲಿದ್ದ ಆ ಕಟ್ಟಡ ಹಿಂದೆ ಅದರ ಮಾಲೀಕ, ಪಾರ್ಸಿ ಫ್ರಾಮ್‌ರೋಜ್ ಸೇಠರ ತಂದೆ ನಡೆಸುತ್ತಿದ್ದ ಬೀರ್‌ಖಾನೆ. ಪಾನನಿಷೇಧ ಬಂದು ಅದು ಮುಚ್ಚಿದಾಗ ನನ್ನ ಮಾವ ಬಾಡಿಗೆಗೆ ಹಿಡಿದು ಇಡ್ಲಿ ಬೇಯಿಸಲು ಶುರುಮಾಡಿದರು. ಸಾಮಾನು ಬದಲಿಸಲು ಕಾಸಿರಲಿಲ್ಲ. ಹಾಗಾಗಿ ಕರಿಮರದ ಉದ್ದ ಕಟ್ಟೆ, ಕಾಲಿಡುವ ಹಿತ್ತಾಳೆ ಸರಳು, ಚಿನ್ನದ ಕುದುರೆ ಬರೆದ ಕನ್ನಡಿ ಎಲ್ಲ ಹಾಗೆಯೇ ಉಳಿದವು. ಬಾಟಲಿ ಇಡುತ್ತಿದ್ದ ಗೂಡಿನಲ್ಲಿ ನನ್ನ ಅತ್ತೆ ರಾಜೀವಿಯಮ್ಮ ಕೃಷ್ಣನ ಪಟ ಇಟ್ಟರು. ನೆಲಮಾಳಿಗೆಯ ಓಕ್ ಮರದ ಪೀಪಾಯಿಗಳಲ್ಲಿ ಮಜ್ಜಿಗೆ ತುಂಬಿಸಿದರು. ಬೀರು ಸುರಿಯುತ್ತಿದ್ದ ಹಿತ್ತಾಳೆ ನಲ್ಲಿಯಿಂದ ಶುಂಠಿ ಹಾಕಿದ ಮಜ್ಜಿಗೆ ಬರತೊಡಗಿತು. ಸೇಠರು ದಿನಾ ಸಂಜೆ ಬಂದು, ತಂದೆಯ ಕಾಲದ ಗಾಜಿನ ಮಗ್ಗಿನಲ್ಲಿ ಅದನ್ನೇ ಕುಡಿದು, ಮೀಸೆ ಒರೆಸಿಕೊಂಡು ಹೋಗುತ್ತಿದ್ದರು. ಅತ್ತೆ ಅವರ ಮಗ್ಗನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಎಪ್ಪತ್ತೆರಡರ ಸುಮಾರಿಗೆ ಕಾನೂನು ಸಡಿಲವಾಯಿತು. ಪರ್ಮಿಟ್ ಇದ್ದವರು ಕುಡಿಯಬಹುದು, ಸೇಠರು ಕುಡಿಸಬಹುದು. ಒಂದು ಸಂಜೆ ಅವರು ಮಗ್ಗು ಮುಟ್ಟದೆ ಕುಳಿತರು.

"ಅಮ್ಮಾ, ಸಾಯೋ ಮೊದಲು ಬಾಪ್‌ನ ದುಕಾನು ಒಮ್ಮೆ ಚಾಲೂ ನೋಡಬೇಕು," ಎಂದರು. ನಮ್ಮಲ್ಲಿ ಉಣ್ಣುತ್ತ ಕಲಿತ ಕನ್ನಡ ಅದು. "ಬಾಟಲಿ ಬೀರು ಮುರ್ದಾ. ನನ್ನದು ಪೀಪಾಯಿಯಲ್ಲಿ ಜಿಂದಾ ಇರ್ತದೆ. ಅಲ್ಲೇ ಉಸಿರಾಡ್ತದೆ, ಅಲ್ಲೇ ಪಕ್ವ ಆಗ್ತದೆ."

"ನಮ್ಮ ದೋಸೆ ಹಿಟ್ಟೂ ಹಾಗೆಯೇ," ಎಂದರು ಅತ್ತೆ. ಜಾಗ ಬಿಡಿ ಎಂದು ಸೇಠರು ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಜಾಗ ಸಿಗುವವರೆಗೆ ಬಾಡಿಗೆ ಬೇಡವೆಂದರು. ಒಳ್ಳೆಯವರು ನಮ್ಮನ್ನು ಎಬ್ಬಿಸುವ ರೀತಿ ಅದು; ಜಗಳ ಆಡಲೂ ಬರುವುದಿಲ್ಲ.

ಜಯರಾಮರಿಗೆ ಸಿಕ್ಕ ಜಾಗ ಔರಂಗಾಬಾದಿನ ಸ್ಟೇಷನ್ ಬಳಿಯ ಒಂದು ತಗಡಿನ ಶೆಡ್ಡು. ನೋಡಿ ಬಂದವರು ರಾತ್ರಿ ಊಟ ಮಾಡಲಿಲ್ಲ. ಅಲ್ಲಿ ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಹೋಟೆಲು ನಡೆಯದಿದ್ದರೆ ಕೈಯಲ್ಲಿ ಮತ್ತೇನೂ ಇಲ್ಲ. ಅತ್ತೆ ಮಾತ್ರ ಒಂದೇ ಮಾತು ಹೇಳಿದರು. "ನಾನು ಮುದುಕಿಯಾದದ್ದು ಈ ಒಲೆಯೆದುರು. ಇನ್ನೊಂದು ಒಲೆ ಎಂತಕ್ಕೆ?"

ಆದರೂ ಪೀಪಾಯಿಗಳನ್ನು ತಾವೇ ಸೀಗೆಪುಡಿ, ಬಿಸಿನೀರು ಹಾಕಿ ತಿಕ್ಕಿ ತೊಳೆದು ಸೇಠರಿಗೆ ಒಪ್ಪಿಸಿದರು. ಮರುದಿನ ಬೀರು ಬಂದು ಅವುಗಳಲ್ಲಿ ತುಂಬಿ, ಪಕ್ವವಾಗಲು ಕೆಲವು ದಿನ ಹಾಗೆಯೇ ಇತ್ತು.

ಬೀರ್‌ಖಾನೆ ತೆರೆದ ಸಂಜೆಯೇ ನಮ್ಮ ಲಾರಿ ಹಿತ್ತಲಿನಲ್ಲಿ ನಿಂತಿತ್ತು. ಪಾತ್ರೆಪರಡಿ ಹೇರಿಯಾಗಿತ್ತು. ಅಡುಗೆಮನೆಯಲ್ಲಿ ಒಂದೇ ಒಲೆ ಉರಿಯುತ್ತಿತ್ತು. ಅತ್ತೆ ದಾರಿಗೆಂದು ಚಿತ್ರಾನ್ನ ಕಲಸಿ ವಡೆ ಕರಿಯುತ್ತಿದ್ದರು. ಸೇಠರು ನನ್ನನ್ನು ಕರೆದರು. "ವಾರಿಜಾಕ್ಷಿ, ನೀನು ಬಿ.ಎ. ಪಾಸು. ಬಂದು ನೋಡು, ಹೆದರಬೇಡ."

ಹೋಗಿ ಮೂಲೆಯ ಬೆಂಚಿನಲ್ಲಿ ಕುಳಿತೆ. ನಲ್ಲಿ ತಿರುಗಿದೊಡನೆ ಮೂಲ್ಕಿಯ ದಾರಿ ಮೂಗಿಗೆ ಬಂತು. ಗಿರಾಕಿಗಳೆಲ್ಲ ಬೆಳಗ್ಗೆ ನಮ್ಮಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರೇ. ಹತ್ತಿರದ ನಿಫಾಡಿನಲ್ಲಿ ದ್ರಾಕ್ಷಿ ವ್ಯಾಪಾರ ಮಾಡುತ್ತಿದ್ದ ಬೀದರಿನ ವಿಶ್ವನಾಥಪ್ಪ ನನ್ನನ್ನು ಕಂಡು ವಿಭೂತಿಯ ಹಣೆ ಒರೆಸಿಕೊಂಡರು.

"ಔಷಧಕ್ಕರಿ ತಂಗಿ. ಡಾಕ್ಟರ್ ಬರದು ಕೊಟ್ಟಾರ. ಹೊಟ್ಟಿ ಸರಿ ಇಲ್ಲ."

"ಮತ್ತೆ ಬೆಳಗ್ಗೆ ನಾಲ್ಕು ವಡೆ?"

"ಅದರಿಂದನೇ ಅಲ್ಲರಿ ಕೆಟ್ಟಿದ್ದು!"

ಸೇಠರು ಮೊದಲ ಗುಟುಕು ತಾವೇ ಕುಡಿದರು. ಅವರ ಮುಖ ಬಿಳಿಚಿಕೊಂಡಿತು. ಮಗ್ಗು ಕೆಳಗಿಟ್ಟು ನಲ್ಲಿ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ವಿಶ್ವನಾಥಪ್ಪ ಅರ್ಧ ಮಗ್ಗು ಇಳಿಸಿ ಚಪ್ಪರಿಸಿದ್ದರು.

"ವ್ವಾ! ಏನ್ ಮಾಲರಿ ಸೇಠಜಿ! ಕಹಿ ಇಲ್ಲ, ಕಾವು ಇಲ್ಲ. ಹೊಟ್ಟಿಗೆ ತಂಪ ಅದ ನೋಡ್ರಿ."

ನಿವೃತ್ತ ಮಾಮಲೇದಾರರೊಬ್ಬರು ಕಣ್ಣು ಮುಚ್ಚಿ ಘೋಷಿಸಿದರು: "ಅಗದೀ ತಸಂಚ್! ಥೇಟ್ ಹಾಗೇ, ನಿಮ್ಮ ತಂದೆಯ ಕಾಲದ್ದೇ ರುಚಿ." ಇಷ್ಟು ವರ್ಷ ಹನಿ ಬೀರೂ ಕಾಣದ ನಾಲಿಗೆಗಳು. ಅಸಲು ರುಚಿ ಇದೇ ಇರಬೇಕೆಂದು ಅಲ್ಲಿದ್ದವರೆಲ್ಲ ಒಪ್ಪಿದರು. ಬಳಿಕ ವಿಶ್ವನಾಥಪ್ಪ ಅಭ್ಯಾಸಬಲದಿಂದ ಅಡುಗೆಮನೆಯ ಕಿಟಕಿಯತ್ತ ಕೂಗಿದರು. "ಅಮ್ಮಾರೀ, ಎರಡು ವಡಾ ಕಳಿಸ್ರಿ!"

ಸೇಠರು ಹುರಿದ ಕಡಲೆಕಾಯಿಯ ತಟ್ಟೆ ಮುಂದೆ ತಳ್ಳಿದರು. ಯಾರೂ ಮುಟ್ಟಲಿಲ್ಲ. "ಇಲ್ಲಿ ಕೂತು ಸೇಂಗಾ ತಿನ್ನೋದೇನ್ರಿ?" ಎಂದು ಗೊಣಗಾಟ ಎದ್ದಿತು.

ಸೇಠರು ಮಗ್ಗು ಹಿಡಿದು ಕಿಟಕಿಗೆ ಬಂದರು. ನಾನೂ ಹಿಂದೆ ಹೋದೆ.

"ಅಮ್ಮಾ, ಪೀಪಾಯಿಯಲ್ಲಿ ಏನು ಹಾಕಿದಿರಿ?"

"ಒಂದೊಂದು ಸೌಟು ಮಜ್ಜಿಗೆ," ಎಂದರು ಅತ್ತೆ, ವಡೆ ಮಗುಚುತ್ತ. "ಬೇರೆಯವರ ಪಾತ್ರೆ ಬರಿದಾಗಿ ಹಿಂದೆ ಕೊಡ್ಲಿಕ್ಕುಂಟಾ? ಇಷ್ಟು ವರ್ಷ ಇಟ್ಟುಕೊಂಡದ್ದು. ನಿಮಗೆ ಒಳ್ಳೆಯದಾಗಲಿ ಅಂತ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಜಯರಾಮ ಕೈಯಲ್ಲಿದ್ದ ಲಾರಿಯ ಹಗ್ಗ ಕೆಳಗೆ ಹಾಕಿದರು. "ಅಯ್ಯೋ ಅಮ್ಮ!"

ಸೇಠರು ಮಗ್ಗಿನೊಳಗೆ ಬಗ್ಗಿ ನೋಡಿದರು. ಅಳುತ್ತಾರೆ ಎಂದುಕೊಂಡೆ. ನೋಡಿದರೆ ಅವರು ನಗುತ್ತಿದ್ದರು.

"ಬಾಪ್ ಇದ್ದಿದ್ದರೆ ನನಗೆ ಚಪ್ಪಲಿ ಪೂಜೆ. ಗಿರಾಕಿಗಳು ನೋಡಿದರೆ ಎರಡನೇ ಪೀಪಾಯಿ ಕೇಳ್ತಿದ್ದಾರೆ." ಕಣ್ಣೊರೆಸಿಕೊಂಡು ನನ್ನ ಗಂಡನ ಕಡೆ ತಿರುಗಿದರು. "ಜಯರಾಮ, ಲಾರಿ ವಾಪಸ್ ಕಳಿಸು. ಹಗಲು ದುಕಾನು ನಿಮ್ಮದು, ಸಂಜೆ ನನ್ನದು. ಕಿಚನ್ ಯಾವಾಗಲೂ ಅಮ್ಮನದು. ಕಡಲೆಕಾಯಿಯಿಂದ ಈ ದುಕಾನು ಒಂದು ವಾರ ನಡೆಯೋದಿಲ್ಲ."

ಜಯರಾಮ ಅಮ್ಮನ ಮುಖ ನೋಡಿದರು. ಅತ್ತೆ ಸೌಟು ಎತ್ತಿ ಹಿಡಿದರು.

"ಕುಡಿದವರಿಗೆ ನಾನು ಬಡಿಸುವುದಿಲ್ಲ ಮಾರಾಯ."

"ಅಮ್ಮಾ," ಎಂದರು ಸೇಠರು, "ಅವರು ಕುಡಿದದ್ದು ಅರ್ಧ ನಿಮ್ಮದೇ ಅಲ್ವಾ?"

ಅತ್ತೆ ಕಿಟಕಿಯಲ್ಲಿ ನಿಂತ ಸೇಠರ ಬಾಡಿದ ಮುಖ ನೋಡಿದರು. ಅಂಗಡಿ ತೆರೆಯುವ ಗಡಿಬಿಡಿಯಲ್ಲಿ ಆ ಮನುಷ್ಯ ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು. ಅತ್ತೆ ಸೌಟು ಕೆಳಗಿಟ್ಟರು. ದಾರಿಗೆಂದು ಕಟ್ಟಿದ್ದ ಬುತ್ತಿಯ ಗಂಟು ಬಿಚ್ಚಿ, ಎಲೆಯ ಮೇಲೆ ಚಿತ್ರಾನ್ನ ಹರಡಿ, ಬದಿಗೆ ಬಿಸಿ ವಡೆ ಎರಡಿಟ್ಟು, ಮುಖ ಒಲೆಯ ಕಡೆ ತಿರುಗಿಸಿಕೊಂಡೇ ಕಿಟಕಿಯಾಚೆ ಸೇಠರಿಗೆ ನೀಡಿದರು.