ಲಗಮವ್ವನ ಇಪ್ಪತ್ತೆಂಟು ಹಲ್ಲು

ಲಗಮವ್ವನ ಹಲ್ಲಿಗೆ ಏನೂ ಆಗಿರಲಿಲ್ಲ. ನೋಯುತ್ತಿದ್ದದ್ದು ಕೀಲು. ಐವತ್ತೆರಡನೇ ಇಸವಿಯ ಚಳಿಗಾಲದಲ್ಲಿ ಮೊಣಕಾಲು ಬಾತು, ಬೆರಳು ಸೆಟೆದು, ಉಣ್ಣೆ ನೂಲುವುದೂ ಆಗದಂತಾದಾಗ ಗಂಡ ಮಾಲಿಂಗಪ್ಪ ಅವಳನ್ನು ನಾಗನೂರಿನಿಂದ ಚಕ್ಕಡಿಯಲ್ಲಿ ಗೋಕಾಕಕ್ಕೆ ಕರೆದೊಯ್ದ. ಆಗ ಅವಳಿಗೆ ಮೂವತ್ತೆರಡು.

ಅಲ್ಲಿಯ ಡಾಕ್ಟರರು ಮೊಣಕಾಲು ಒತ್ತಿ ನೋಡಿ, ಬಾಯಿ ತೆರೆಯಲು ಹೇಳಿದರು.

“ಹಲ್ಲಿನ ಬುಡದಾಗ ಕೀವು ಇರ್ತೈತಿ. ಅದರ ವಿಷ ಕೀಲಿಗೆ ಇಳಿತೈತಿ. ಎಲ್ಲಾ ತಗೀಬೇಕು.”

“ನನ್ನ ಹಲ್ಲು ನೋಯಾಂಗಿಲ್ರಿ ಸಾಹೇಬ್ರ. ಕಬ್ಬು ಹಲ್ಲಿಲೆ ಸಿಗದು ತಿಂತೇನ್ರಿ.”

“ನೋವಿಲ್ಲಂದ್ರೂ ವಿಷ ಇರ್ತೈತಿ. ಈಗಿನ ಪದ್ಧತಿನ ಹಿಂಗ.”

ಕಲಿತವರ ಮಾತು ಎಂದು ಅವಳು ಬಾಯಿ ತೆರೆದಳು. ನಾಲ್ಕು ಸಲ ಚಕ್ಕಡಿ ಹೂಡಿದರು. ಇಪ್ಪತ್ತೆಂಟು ಹಲ್ಲು ಹೋದವು. ಬೇಸಿಗೆಯಲ್ಲಿ ನೋವು ತಗ್ಗಿದಾಗ, ಹೋದರೂ ಹೋಗಲಿ, ಕಾಲಾದರೂ ಬಂತಲ್ಲ ಅಂದುಕೊಂಡಳು. ಚಳಿ ಬಿದ್ದದ್ದೇ ತಡ, ಮೊಣಕಾಲು ಮತ್ತೆ ಬಾತವು. ವಿಷ ಪೂರಾ ಇಳಿಯಲು ವರ್ಷ ಬೇಕು ಎಂದರು ಡಾಕ್ಟರರು. ಮರುವರ್ಷವೂ ಅದನ್ನೇ ಹೇಳಿದರು. ಆಮೇಲೆ ಅವಳು ಹೋಗುವುದನ್ನೇ ಬಿಟ್ಟಳು.

ಕಟ್ಟಿಸಿಕೊಂಡ ಹಲ್ಲು ಎರಡು ವರ್ಷ ನೆಟ್ಟಗೆ ಕೂತವು. ಬರಬರುತ್ತ ವಸಡು ಸವೆದು, ಮಾತಾಡಿದರೆ ಕೆಳಗಿನ ಸಾಲು ಎದ್ದು ಬರತೊಡಗಿತು. ಗಲ್ಲ ಒಳಗೆ ಹೋಯಿತು. ನಲವತ್ತು ತುಂಬುವ ಮೊದಲೇ ಬಸ್ಸಿನಲ್ಲಿ ಜನ ಮುದುಕಿಯೆಂದೇ ತಿಳಿದು “ಆಯಿ, ಇಲ್ಲಿ ಕುಂದರ್ರಿ” ಎಂದು ಜಾಗ ಬಿಟ್ಟುಕೊಟ್ಟರು. ಕಟಕ ರೊಟ್ಟಿ, ಶೇಂಗಾ, ಹಸಿ ಉಳ್ಳಾಗಡ್ಡಿ ಎಲ್ಲ ದೂರವಾದವು. ಮದುವೆ ಮನೆಗಳಲ್ಲಿ ಹಸಿವಿಲ್ಲ ಎಂದು ಸುಳ್ಳು ಹೇಳಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು.

ಅರವತ್ತನಾಲ್ಕನೇ ಇಸವಿಯಲ್ಲಿ ಹುಕ್ಕೇರಿಗೆ ಮಗಳು ಹಣಮವ್ವನ ಬಾಣಂತನಕ್ಕೆ ಹೋದಾಗ ಕಾಲು ಎತ್ತಿಡಲಾಗಲಿಲ್ಲ. ಮಗಳು ಹಟ ಮಾಡಿ ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ ಹತ್ತಿರ ಕಳಿಸಿದಳು.

“ಇಷ್ಟ ಲಗೂನ ಹಲ್ಲೆಲ್ಲ ಹೆಂಗ ಹೋದ್ವು, ಅವ್ವಾ?”

ಅವಳು ಹೇಳಿದಳು. ಅವನು ಬಾವಿಗೆ ಗುಳಿಗೆ ಬರೆದುಕೊಟ್ಟ.

“ಮದ್ಲ ಹಂಗ ಮಾಡ್ತಿದ್ರು. ಹಲ್ಲು ತಗದ್ರ ಇಂಥಾ ಕೀಲುನೋವು ಹೋಗಾಂಗಿಲ್ಲಂತ ಆಮ್ಯಾಲೆ ಗೊತ್ತಾತು. ಈಗ ಬಿಟ್ಟಾರ.”

ಮರುದಿನವೇ ಲಗಮವ್ವ ಕಾಲೆಳೆಯುತ್ತಲೇ ಬಸ್ಸು ಹತ್ತಿ ಗೋಕಾಕಕ್ಕೆ ಹೋದಳು. ಹಳೆಯ ಡಾಕ್ಟರರಿಗೆ ಅವಳ ಗುರುತು ಸಿಗಲಿಲ್ಲ. ಬಾಯಿಂದ ಹಲ್ಲಿನ ಎರಡೂ ಸಾಲು ತೆಗೆದು ಅವರ ಮೇಜಿನ ಮೇಲಿಟ್ಟಳು.

“ನೀವು ಇನ್ನೂ ಕೀಲುನೋವಿಗೆ ಹಲ್ಲು ಕೀಳ್ತೀರೇನ್ರಿ?”

“ಇಲ್ಲವಾ. ಬಿಟ್ಟು ಆರು ವರ್ಷ ಆತು.”

“ಆರು ವರ್ಷ!” ಅವಳ ಬೋಳು ಬಾಯಲ್ಲಿ ಮಾತು ತೊದಲಿತು. “ನನಗೊಂದು ಮಾತು ಹೇಳಿ ಕಳಸಲಿಲ್ಲಲ್ರಿ? ನನ್ನ ಬಾಯಾಗಿನ ವಿಷ ಇನ್ನೂ ಇಳದಿಲ್ಲಂತ ನಾ ಉಪ್ಪುನೀರು ಮುಕ್ಕಳಸಾಕತ್ತೇನಿ.”

“ಆಗ ಪುಸ್ತಕದಾಗ ಹಂಗ ಇತ್ತು. ದೊಡ್ಡ ದೊಡ್ಡ ದವಾಖಾನ್ಯಾಗೂ ಹಂಗ ಮಾಡ್ತಿದ್ರು.”

“ಪುಸ್ತಕಾ ತಿದ್ದಿದ್ರಿ. ನನ್ನ ಬಾಯಿ?”

ಅವರು ತಮ್ಮ ಖರ್ಚಿನಲ್ಲೇ ಹೊಸ ಹಲ್ಲು ಮಾಡಿಸಿಕೊಡುತ್ತೇನೆ ಎಂದರು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಉಣ್ಣಬೇಕಲ್ಲ. ಅವರು ಅಳತೆ ತೆಗೆಯಲು ಬಂದಾಗ ಅದೇ ಬಾಯನ್ನು ಮತ್ತೆ ಅವರ ಮುಂದೆ ತೆರೆಯಬೇಕಾಯಿತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು.

ಹುಕ್ಕೇರಿಯ ಗುಳಿಗೆಯಿಂದ ಬಾವು ಅರ್ಧಕ್ಕೆ ಇಳಿಯಿತು. ನಾಗನೂರಿಗೆ ಮರಳಿ ಎಲ್ಲ ಹೇಳಿದಾಗ ಮಾಲಿಂಗಪ್ಪ ರೊಟ್ಟಿ ಮುರಿಯುತ್ತ, “ಆಗಿದ್ದು ಆಗಿಹೋತು, ಬಿಟ್ಟ್ಬಿಡ” ಎಂದ.

“ನಿನ್ನ ಬಾಯಾಗ ಹಲ್ಲ ಅದಾವು,” ಅಂದಳು ಲಗಮವ್ವ. “ನಿನಗ ಬಿಡಾಕ ಬರ್ತೈತಿ.”