ಬಾನೆಟ್ಟಿನೊಳಗಿನ ಚೀಟಿ

ಚನ್ನವೀರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆಳಿಗ್ಗೆ ಕಾರು ತೆಗೆದುಕೊಂಡು ಹೋದ ಗಿರಾಕಿ ಲೀಲಾಕ್ಷಿಯಮ್ಮನಿಗೆ ಆರನೆಯ ಸಲ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

ಮರಾಠಿ ಸೀಮೆಯ ನಿಗಡಿಯಲ್ಲಿ ಕಾರಿನ ಏಸಿ ರಿಪೇರಿ ಎಂದರೆ ಜನ ಅವನ ಗ್ಯಾರೇಜಿನತ್ತ ಕೈ ತೋರಿಸುತ್ತಿದ್ದರು. ಮಹಾ ಸಂಶಯದ ಪ್ರಾಣಿ ಅವನು. ಯಾವ ಅಂಗಡಿಯ ಗ್ಯಾಸ್ ಸಿಲಿಂಡರ್ ಬಂದರೂ ಪರೀಕ್ಷೆಯ ಯಂತ್ರಕ್ಕೆ ಜೋಡಿಸಿ, ಒಳಗಿರುವುದು ಮೇಲೆ ಬರೆದದ್ದೇ ಹೌದೋ ಎಂದು ನೋಡಿಯೇ ಕಾರಿಗೆ ತುಂಬುತ್ತಿದ್ದ. ತುಂಬಿದ ಮೇಲೆ ಬಾನೆಟ್ಟಿನೊಳಗೆ ಒಂದು ಚೀಟಿ ಅಂಟಿಸುತ್ತಿದ್ದ: ಗ್ಯಾಸಿನ ಹೆಸರು, ತೂಕ, ತಾರೀಖು, ಕೆಳಗೆ ತನ್ನ ಹೆಸರು. ಮುಂದೆ ಯಾವ ಮೆಕ್ಯಾನಿಕ್ ತೆರೆದರೂ ಆ ಚೀಟಿ ನಂಬಿಯೇ ಕೈ ಹಾಕಬೇಕು.

ಇಷ್ಟೆಲ್ಲ ಜಾಣ, ಈ ಸಲ ಎಡವಿದ್ದ. ಹೊಸ ಗ್ಯಾಸ್ ಡೀಲರ್ ಶಿವರುದ್ರಪ್ಪ ಅವನಂತೆಯೇ ಇಂಡಿ ಕಡೆಯವನು. ಚಹಾ ಕುಡಿಸಿದ, ಊರಲ್ಲಿರುವ ಅವ್ವನ ಮೊಣಕಾಲು ನೋವು ವಿಚಾರಿಸಿದ, "ನಾವು ನಾವು ಒಂದ ಕಡಿಯವ್ರು" ಅಂದ. ಮರಾಠಿ ಅಂಗಡಿಯವರ ಸಿಲಿಂಡರನ್ನು ಎರಡೆರಡು ಸಲ ಪರೀಕ್ಷಿಸುವವನಿಗೆ, ತನ್ನೂರಿನ ಮಾತಾಡಿದವನದನ್ನು ಪರೀಕ್ಷಿಸಲು ನಾಚಿಕೆಯಾಯಿತು. ಬೆಳಿಗ್ಗೆ ಅದನ್ನೇ ಲೀಲಾಕ್ಷಿಯಮ್ಮನ ಕಾರಿಗೆ ತುಂಬಿ, ಚೀಟಿ ಅಂಟಿಸಿ ಕಳಿಸಿದ. ಮಧ್ಯಾಹ್ನ ಇನ್ನೊಂದು ಕಾರಿಗೆ ತುಂಬುವಾಗ ಮೀಟರಿನ ಮುಳ್ಳು ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಯಂತ್ರಕ್ಕೆ ಹಚ್ಚಿ ನೋಡಿದರೆ ಅರ್ಧಕ್ಕರ್ಧ ಅಡುಗೆ ಗ್ಯಾಸಿನ ಜಾತಿಯದು. ಎಲ್ಲಾದರೂ ಸೋರಿ ಕಿಡಿ ತಾಗಿದರೆ ಹತ್ತಿಕೊಳ್ಳುವಂಥದ್ದು.

ಬುತ್ತಿ ತಂದಿದ್ದ ಹೆಂಡತಿ ಶಿವಾನಿ ಎಲ್ಲ ಕೇಳಿದಳು. "ನಾಳೆ ಬಾರಾಮತಿಯಿಂದ ತಿರುಗಿ ಬರ್ತಾರಲ್ರಿ? ಏನರ ನೆವ ಹೇಳಿ ತಗದುಬಿಡ್ರಿ. ಯಾರಿಗೆ ಗೊತ್ತಾಗ್ತದ?"

"ಕಾರಿನಾಗ ಅವರ ಮೊಮ್ಮಗಳು ಅದಾಳ" ಅಂದ ಚನ್ನವೀರ. ಬುತ್ತಿ ಬಿಚ್ಚಲಿಲ್ಲ. ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಫೋನು ಬ್ಯಾಗಿನಲ್ಲಿತ್ತು ಮಾರಾಯ್ರೆ" ಅಂದರು ಲೀಲಾಕ್ಷಿಯಮ್ಮ. "ಬಾರಾಮತಿಗೆ ಇನ್ನೂ ಸ್ವಲ್ಪ ದೂರ ಉಂಟು. ಎಂಥಾ ತಂಪು ಮಾಡಿ ಕೊಟ್ಟಿದ್ದೀರಿ, ಮಗು ಶಾಲು ಹೊದ್ದು ಮಲಗಿದೆ. ನಮ್ಮ ಹೋಟೆಲಿನ ಮೂರೂ ವ್ಯಾನು ಇನ್ನು ನಿಮ್ಮಲ್ಲಿಗೇ ಅಂತ ಇವರು ಡ್ರೈವ್ ಮಾಡ್ತಾ ಹೇಳ್ತಿದ್ದಾರೆ."

ಹಾಳು ಗ್ಯಾಸು, ತಂಪು ಕೊಡುವುದರಲ್ಲಿ ಮಾತ್ರ ಒಂದು ಕೈ ಮೇಲೆ. ಚನ್ನವೀರ ಈಗ ಬರೀ "ಹೌದ್ರಿ" ಅಂದುಬಿಟ್ಟರೆ ಸಾಕಿತ್ತು. ಶಿವಾನಿ ಅವನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಾರ, ಮೊದಲ ಏಸಿ ಬಂದ್ ಮಾಡ್ರಿ" ಅಂದ. "ಕಿಡಕಿ ಎಲ್ಲಾ ಇಳಸ್ರಿ. ಗಾಡಿ ಬದಿಗೆ ನಿಲ್ಲಿಸಿ ಎಲ್ಲಾರೂ ಇಳೀರಿ. ನಾ ತುಂಬಿದ್ದು ಬೆಂಕಿ ಹತ್ತೋ ಗ್ಯಾಸ್ ಅದ. ಪರೀಕ್ಷಾ ಮಾಡದ ತುಂಬೀನಿ, ತಪ್ಪು ನಂದ."

"ಏಸಿ ಆರಿಸಿ, ಗಾಡಿ ನಿಲ್ಲಿಸಿ" ಎಂದು ಲೀಲಾಕ್ಷಿಯಮ್ಮ ಗಂಡನಿಗೆ ಹೇಳಿದ್ದು ಕೇಳಿಸಿತು. ಆಮೇಲೆ, ಬೇರೆಯದೇ ದನಿಯಲ್ಲಿ, "ಚೀಟಿಯಲ್ಲಿ ಸರಿಯಾದ್ದು ಅಂತ ಬರೆದಿದ್ದೀರಲ್ಲ?"

"ಬರ್ದೀನ್ರಿ. ಕೆಳಗ ನನ್ನ ಹೆಸರೂ ಅದ. ಗ್ಯಾಸ್ ತಗಿಯೋ ಮಷೀನ್ ತಗೊಂಡು ಈಗ ಹೊಂಟೆ. ಆ ಚೀಟಿ ನಾನ ಹರೀತೀನಿ."

ವ್ಯಾನುಗಳ ಮಾತು ಮತ್ತೆ ಬರಲಿಲ್ಲ. ಕಿಟಕಿಗಳು ಇಳಿಯುವ ಸದ್ದು ಕೇಳಿತು. ಬಿಸಿಗಾಳಿಗೆ ಎಚ್ಚರಾದ ಮಗು ರಚ್ಚೆ ಹಿಡಿದು ಅಳತೊಡಗಿತು. ಆ ಅಳು ಕಿವಿಗೆ ಬಿದ್ದ ಮೇಲೆಯೇ ಚನ್ನವೀರನಿಗೆ ಉಸಿರು ಬಂತು. ಮಷೀನಿನ ಒಂದು ಬದಿ ಅವನು ಹಿಡಿದ, ಇನ್ನೊಂದು ಬದಿಯನ್ನು ಶಿವಾನಿ ಹಿಡಿದಳು.