ಇರು, ಬರ್ತೀನಿ

ಕಾಜಾ ಅಕ್ಕ ನಾಯಿಯ ಕೊರಳಪಟ್ಟಿ ಹಿಡಿದು ಎಳೆದೇ ಎಳೆದಳು. ಅದು ಕೊರಳನ್ನಷ್ಟೇ ಕೊಟ್ಟಿತು, ಕೂತ ಜಾಗ ಬಿಡಲಿಲ್ಲ. ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿನ್ನೆ ಮಧ್ಯಾಹ್ನ ಕೂತದ್ದು, ಈಗಲೂ ಅಲ್ಲೇ. ಮುಂದಿಟ್ಟ ಬನ್ನಿಗೆ ಇರುವೆ ಮುತ್ತಿತ್ತು.

“ಬಿಡಕ್ಕಾ, ಹಸಿವಾದ್ರೆ ತಾನೇ ಏಳುತ್ತೆ,” ಎಂದ ಪಕ್ಕದ ಟೀ ಅಂಗಡಿಯವನು.

“ಏಳಲ್ಲ ಕಣೋ. ಅವರು ಬಂದು ಮುಟ್ಟೋ ತನಕ ಪ್ರಾಣ ಹೋದ್ರೂ ಏಳಲ್ಲ.”

“ಅವರಿನ್ನೆಲ್ಲಿ ಬರ್ತಾರೆ?”

ಸಂಕಟ ಇದ್ದದ್ದೇ ಅಲ್ಲಿ! ನಿನ್ನೆ ಎದೆ ಹಿಡಿದುಕೊಂಡು ಆಟೋ ಹತ್ತುವಾಗಲೂ ಟೈಲರ್ ಅಂಗೈ ಎತ್ತಿ, “ಇರು, ಬರ್ತೀನಿ” ಎಂದು ನಾಯಿಗೆ ಹೇಳಿ ಹೋಗಿದ್ದರು. ಸಂಜೆಯೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೇರೆ ಊರಿನಿಂದ ಬಂದ ಅವರ ಅಣ್ಣ, ಹೆಣವನ್ನು ಅಲ್ಲಿಂದ ನೇರವಾಗಿ ಸ್ಮಶಾನಕ್ಕೆ ಒಯ್ಯುವುದೆಂದು ತೀರ್ಮಾನಿಸಿದ್ದ. ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕುವವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೆ ತಾನೇ ಹೊಳೆಯಬೇಕು?

*

ಮರಿಯಾಗಿದ್ದಾಗ ಅದು ಟೈಲರ ಸೈಕಲ್ಲಿನ ಹಿಂದೆ ಓಡಿ, ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡಿತ್ತು. ಅಂದಿನಿಂದ ಪಾಠ ಶುರು. ಕತ್ತರಿಸುತ್ತಿದ್ದ ಬಟ್ಟೆಯನ್ನು ಅರ್ಧಕ್ಕೆ ಬಿಟ್ಟು, ನಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಅಂಗೈ ತೋರಿಸುತ್ತ ಹಿಂದಕ್ಕೆ ನಡೆಯುವರು. ಮೊದಲು ದೀಪದ ಕಂಬದ ತನಕ, ಆಮೇಲೆ ಬೀದಿಯ ಮೂಲೆ ದಾಟಿ ಕಣ್ಮರೆ.

“ನಾಯಿ ಬಾಲ ನೆಟ್ಟಗೆ ಮಾಡೋಕೆ ಹೊರಟಿದಾರಪ್ಪಾ!” ಎಂದು ಬೀದಿಯವರು ನಗುತ್ತಿದ್ದರು.

“ನೀವು ಬಿಸ್ಕತ್ತು ತೋರ್ಸಿ ಕರೀರಿ,” ಎನ್ನುವರು ಟೈಲರ್, ಕಾಜಾ ಅಕ್ಕನಿಗೆ.

“ಎಲ್ರನ್ನೂ ಬಿಟ್ಟು ನನ್ನೇ ಯಾಕೆ ಕೆಟ್ಟವಳನ್ನಾಗಿ ಮಾಡ್ತೀರಿ?”

“ಅದಕ್ಕೆ ನಿಮ್ಮ ಮೇಲೇ ಪ್ರಾಣ ಕಣ್ರೀ. ನಿಮ್ಮ ಹತ್ರಾನೇ ಹೋಗ್ಲಿಲ್ಲ ಅಂದ್ರೆ ಇನ್ಯಾರ ಹತ್ರಾನೂ ಹೋಗಲ್ಲ.”

ಅವಳು ಕರೆದದ್ದೇ ಕರೆದದ್ದು, ಮರೀ, ಚಿನ್ನಾ, ನನ್ನಪ್ಪಾ ಎಂದು. ನಾಯಿ ಜೊಲ್ಲು ಸುರಿಸುತ್ತ, ನಡುಗುತ್ತ ಕೂತಿರುವುದು. ಟೈಲರ್ ಎಂದೂ ದೂರದಿಂದ ಕರೆದು ಎಬ್ಬಿಸಿದವರಲ್ಲ. ತಾವೇ ವಾಪಸು ಬಂದು ಹೆಗಲ ಮೇಲೆ ಕೈಯಿಟ್ಟು “ಆಯ್ತು” ಎನ್ನಬೇಕು. ಕಾಯಿಸಿದವರೇ ಬಂದು ಬಿಡಿಸಬೇಕೆನ್ನುವುದು ಅವರ ಹಟ.

ಅವಳಿಗೆ ಆ ಮನುಷ್ಯನ ಮೇಲೆ ಆಸೆಯಿತ್ತು, ಸುಳ್ಳೇಕೆ? ಒಂದೇ ಅಂಗಡಿಯಲ್ಲಿ ಇಬ್ಬರ ಕೂದಲೂ ನರೆಯಿತು. ಅಂಗಿಗಳು ಆ ಕೈಯಿಂದ ಈ ಕೈಗೆ ಬರುತ್ತಲೇ ಇದ್ದವು. ಅದಕ್ಕಿಂತ ಹೆಚ್ಚಿನದನ್ನು ಅವರೂ ಕೇಳಲಿಲ್ಲ, ಇವಳೂ ಬಾಯಿಬಿಡಲಿಲ್ಲ.

*

ಆಸ್ಪತ್ರೆಯ ಹಿಂಬಾಗಿಲಲ್ಲಿ ಹೆಣದ ವ್ಯಾನು ಹೊರಡಲು ನಿಂತಿತ್ತು. ಕಾಜಾ ಅಕ್ಕ ಟೈಲರ ಅಣ್ಣನ ಎದುರು ಹೋಗಿ ನಿಂತಳು.

“ಅಣ್ಣಾವ್ರೇ, ಒಂದು ಗಳಿಗೆ ಅಂಗಡಿ ಹತ್ರ ನಿಲ್ಸಿ. ಇವರು ಮುಟ್ಟದೇ ಆ ನಾಯಿ ಏಳಲ್ಲ.”

“ನಾಯಿಗೋಸ್ಕರ ಹೆಣ ಇಳಿಸೋದಾ? ತಲೆಗಿಲೆ ಕೆಟ್ಟಿದೆಯೇನಮ್ಮಾ? ಅಷ್ಟಕ್ಕೂ ನೀನ್ಯಾರು ಅವನಿಗೆ?”

“ಯಾರೂ ಅಲ್ಲ. ಆದ್ರೆ ಬರ್ತೀನಿ ಅಂತ ಹೇಳಿ ಹೋಗಿದಾರೆ ನಿಮ್ಮ ತಮ್ಮ. ಹೇಳಿ ಬರದೇ ಇದ್ದೋರಲ್ಲ.”

ಅಣ್ಣ ವ್ಯಾನಿನೊಳಕ್ಕೆ ನೋಡಿದ. ನೋಡಿ ಮೂಗು ಒರೆಸಿಕೊಂಡ.

“ಫೋನ್ ಮಾಡ್ದಾಗೆಲ್ಲ ನಾಯಿ ಪುರಾಣಾನೇ ಕೊರೀತಿದ್ದ, ಹುಚ್ಚುಮುಂಡೇದು. ಹತ್ತಮ್ಮಾ.”

ಅಂಗಡಿಯ ಮುಂದೆ ವ್ಯಾನು ನಿಂತಾಗ ಟೀ ಅಂಗಡಿಯವನೂ ಡ್ರೈವರನೂ ಸ್ಟ್ರೆಚರನ್ನು ಮೆಟ್ಟಿಲಿನ ಪಕ್ಕಕ್ಕೆ ಇಳಿಸಿದರು. ನಾಯಿ ಮೂಸಿತು, ಕುಂಯ್‌ಗುಟ್ಟಿತು, ಬಾಲದಿಂದ ಮೆಟ್ಟಿಲನ್ನೆಲ್ಲ ಗುಡಿಸಿತು. ಏಳಲಿಲ್ಲ.

ಕಾಜಾ ಅಕ್ಕ ಮೆಟ್ಟಿಲ ಮೇಲೆ ಕೂತು, ಹೊದಿಕೆಯೊಳಗಿಂದ ಅವರ ಕೈಯನ್ನು ಹೊರಗೆ ತೆಗೆದಳು. ತಣ್ಣಗೆ, ಭಾರವಾಗಿತ್ತು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಜಡ್ಡುಗಟ್ಟಿತ್ತು. ಇಷ್ಟು ವರ್ಷ ಕಣ್ಣೆದುರಿಗೇ ಆಡುತ್ತಿದ್ದ ಕೈ ಇಷ್ಟು ಒರಟೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ನಾಯಿಯ ಹೆಗಲ ಮೇಲಿಟ್ಟಳು.

“ಆಯ್ತು ಮರೀ. ಬಂದ್ರು ನೋಡು. ಆಯ್ತು.”

ನಾಯಿ ಎದ್ದಿತು. ಮುಂಗಾಲು ಚಾಚಿ ಮೈ ಮುರಿಯಿತು, ಟೈಲರ ಮುಖವನ್ನೊಮ್ಮೆ ನೆಕ್ಕಿತು, ಕುಂಟುತ್ತ ಹೋಗಿ ಟೀ ಅಂಗಡಿಯ ಬಕೆಟ್ಟಿಗೆ ಬಾಯಿ ಹಾಕಿ ಲೊಚಲೊಚನೆ ನೀರು ಕುಡಿಯತೊಡಗಿತು.

“ಹೊರಡೋಣ್ವೇನಮ್ಮಾ?” ಎಂದು ಅಣ್ಣ ಮೆಲ್ಲಗೆ ಕೇಳಿದ.

ಕಾಜಾ ಅಕ್ಕ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದಳು.